ಮೈ ಝುಮ್ಮೆಂದಾಗ ರೋಮ ಎಳೆಯುವ ಸ್ನಾಯು ಯಾವುದಕ್ಕೆ ಅಂಟಿಕೊಂಡಿದೆ? ಅದನ್ನು ಹುಡುಕಿದ ಜೋಸೆಫ್ ಲಿಸ್ಟರ್ ಬದುಕಿನ ಕಥೆ

ಚಳಿಗಾಲದ ರಾತ್ರಿ, ಹಾಲಾಡಿಯ ಗದ್ದೆ ಬಯಲಲ್ಲಿ ಬಯಲಾಟ. ಗಂಟೆ ಎರಡು ದಾಟಿದೆ. ಭಾಗವತರು ಶ್ರುತಿ ಏರಿಸುತ್ತಾರೆ, ಚೆಂಡೆಯ ಪೆಟ್ಟು ಬಿರುಸಾಗುತ್ತದೆ, ಬಣ್ಣದ ವೇಷ ರಂಗಸ್ಥಳಕ್ಕೆ ನುಗ್ಗುತ್ತದೆ. ಅಷ್ಟು ಹೊತ್ತು ಕುರ್ಚಿಯಲ್ಲಿ ತೂಕಡಿಸುತ್ತಿದ್ದವರ ತೋಳಿನ ರೋಮವೂ ನೆಟ್ಟಗೆ ನಿಲ್ಲುತ್ತದೆ. ಇದು ಆಟದ ಪ್ರಭಾವವೋ, ಇಬ್ಬನಿಯ ಚಳಿಯೋ?

ಆ ಕಡೆಯ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳುಹಿಸಿದ್ದರು. ಪದೇ ಪದೇ ರೋಮ ನಿಮಿರಿದರೆ ಅದು ನರದೌರ್ಬಲ್ಯದ ಲಕ್ಷಣ, ಇಲ್ಲವೇ ಹತ್ತಿರದಲ್ಲಿ ಯಾವುದೋ ಶಕ್ತಿ ಸುಳಿದಾಡುತ್ತಿದೆ ಎಂದರ್ಥ ಎಂದು ಅದರಲ್ಲಿ ಬರೆದಿತ್ತು. ಜೊತೆಗೆ ಅವರು ತಮ್ಮದೇ ಒಂದು ಪ್ರಶ್ನೆಯನ್ನೂ ಸೇರಿಸಿದ್ದರು. ಕೈಕಾಲಿನ ಸ್ನಾಯುಗಳು ಎಲುಬಿಗೆ ಕಟ್ಟಿಕೊಂಡು ಎಳೆಯುತ್ತವೆ. ಕೂದಲ ಬುಡದಲ್ಲಿ ಎಲುಬೇ ಇಲ್ಲವಲ್ಲ, ಹಾಗಾದರೆ ರೋಮ ಎಬ್ಬಿಸುವ ಸ್ನಾಯು ಏನನ್ನು ಹಿಡಿದುಕೊಂಡು ಎಳೆಯುತ್ತದೆ?

ಫಾರ್ವರ್ಡ್‌ಗಿಂತ ಈ ಪ್ರಶ್ನೆಯೇ ಚೆನ್ನಾಗಿದೆ. 1853ರಲ್ಲಿ ಲಂಡನ್ನಿನಲ್ಲಿ 26 ವರ್ಷದ ಒಬ್ಬ ವೈದ್ಯರು ಇದೇ ಪ್ರಶ್ನೆ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು. ಅವರ ಹೆಸರು ಜೋಸೆಫ್ ಲಿಸ್ಟರ್. ಮುಂದೆ ಅವರಿಂದಾಗಿಯೇ ಆಪರೇಷನ್ ಎಂದರೆ ಸಾವು ಎಂಬ ಭಯ ಜಗತ್ತಿನಲ್ಲಿ ಕಡಿಮೆಯಾಯಿತು.

ಚುಟುಕಾಗಿ ಹೇಳುವುದಾದರೆ

ರೋಮ ನಿಮಿರುವುದು ನರದೌರ್ಬಲ್ಯವಲ್ಲ. ಅದು ಚರ್ಮದೊಳಗಿನ ಪುಟ್ಟ ಸ್ನಾಯುಗಳ ಸಹಜ ಕೆಲಸ. ಆ ಸ್ನಾಯುವಿನ ಒಂದು ತುದಿ ಕೂದಲಿನ ಚೀಲಕ್ಕೆ, ಇನ್ನೊಂದು ತುದಿ ಹೊರಚರ್ಮದ ಕೆಳಗಿನ ಪದರಕ್ಕೆ ಅಂಟಿಕೊಂಡಿರುತ್ತದೆ. ಎಲುಬಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಕಣ್ಣಾರೆ ನೋಡಿ ಖಚಿತಪಡಿಸಿದವರಲ್ಲಿ ಲಿಸ್ಟರ್ ಒಬ್ಬರು.

ಮನೆಯಲ್ಲೇ ಸೂಕ್ಷ್ಮದರ್ಶಕ

ಲಿಸ್ಟರ್ ಹುಟ್ಟಿದ್ದು 1827ರ ಏಪ್ರಿಲ್ 5ರಂದು, ಲಂಡನ್ ಸಮೀಪದ ಅಪ್ಟನ್ ಎಂಬಲ್ಲಿ. ತಂದೆ ಜೋಸೆಫ್ ಜಾಕ್ಸನ್ ಲಿಸ್ಟರ್ ವೈನ್ ವ್ಯಾಪಾರಿ. ಆದರೆ ಅವರ ಮನಸ್ಸೆಲ್ಲ ಮಸೂರಗಳ ಮೇಲೆ. ಆಗಿನ ಸೂಕ್ಷ್ಮದರ್ಶಕಗಳಲ್ಲಿ ನೋಡಿದ್ದೆಲ್ಲ ಮಸುಕಾಗಿ, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಹಚ್ಚಿಕೊಂಡು ಕಾಣುತ್ತಿತ್ತು. ಮಸೂರಗಳನ್ನು ಹೇಗೆ ಜೋಡಿಸಿದರೆ ಈ ದೋಷ ಹೋಗುತ್ತದೆ ಎಂದು 1830ರಲ್ಲಿ ಅವರು ತೋರಿಸಿದರು. ವ್ಯಾಪಾರ ಮಾಡುತ್ತಲೇ ರಾಯಲ್ ಸೊಸೈಟಿಯ ಸದಸ್ಯರೂ ಆದರು.

ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಕಣ್ಣಿಗೆ ಕಾಣದ್ದನ್ನು ನೋಡುವುದು ಚಿಕ್ಕಂದಿನಿಂದಲೇ ರೂಢಿಯಾಯಿತು. ಮಾತು ಮಾತ್ರ ತೊದಲುತ್ತಿತ್ತು.

ಕುಟುಂಬ ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ್ದು. ಆಗ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನಲ್ಲಿ ಪದವಿ ಪಡೆಯಲು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿರಬೇಕಿತ್ತು. ಹೀಗಾಗಿ ಲಿಸ್ಟರ್ ಯಾವ ಮತದವರಿಗೂ ಬಾಗಿಲು ತೆರೆದಿದ್ದ ಯೂನಿವರ್ಸಿಟಿ ಕಾಲೇಜ್ ಲಂಡನ್ ಸೇರಿದರು. ಓದಿನ ನಡುವೆ ಅವರಿಗೆ ಸಿಡುಬು ಬಂತು. ಅಣ್ಣ ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. ಲಿಸ್ಟರ್ ಮನಸ್ಸು ಕುಸಿದು ಕೆಲವು ಕಾಲ ಓದನ್ನೇ ಬಿಟ್ಟರು. ಮತ್ತೆ ಚೇತರಿಸಿಕೊಂಡು ಬಂದು 1852ರಲ್ಲಿ ವೈದ್ಯ ಪದವಿ ಪಡೆದರು.

ಮರದ ಪಟ್ಟಿಯ ನಡುವೆ ಚರ್ಮದ ತುಂಡು

ರೋಮದ ಬುಡದಲ್ಲಿ ಸ್ನಾಯು ಇದೆ ಎಂದು ಅದಕ್ಕೆ ಕೆಲವು ವರ್ಷ ಮೊದಲೇ ಸ್ವಿಜರ್ಲೆಂಡ್ ಮೂಲದ ಅಂಗರಚನಾ ವಿಜ್ಞಾನಿ ಆಲ್ಬರ್ಟ್ ಕೋಲಿಕರ್ ಹೇಳಿದ್ದರು. ಅದು ಕೈಕಾಲಿನ ಸ್ನಾಯುವಿನಂತೆ ನಮ್ಮ ಇಚ್ಛೆಗೆ ಬಗ್ಗುವಂಥದ್ದಲ್ಲ, ಕರುಳು ಮತ್ತು ರಕ್ತನಾಳಗಳಲ್ಲಿ ಇರುವಂಥ ನಯಸ್ನಾಯು ಎಂಬುದು ಅವರ ಮಾತು. ಲಿಸ್ಟರ್ ಇದನ್ನು ತಾವೇ ನೋಡಿ ಪರೀಕ್ಷಿಸಲು ಹೊರಟರು.

ತೊಂದರೆ ಏನೆಂದರೆ, ಹಸಿ ಚರ್ಮವನ್ನು ತೆಳ್ಳಗೆ ಸೀಳುವುದು ಸುಲಭವಲ್ಲ. ಕತ್ತಿ ಎಷ್ಟೇ ಹರಿತವಿದ್ದರೂ ಚರ್ಮ ಮೆತ್ತಗೆ ಜಾರುತ್ತದೆ. ಹಸಿ ಅಡಿಕೆಯ ಹೋಳಿಗೂ ಒಣಗಿದ ಅಡಿಕೆಯ ಹೋಳಿಗೂ ಇರುವ ವ್ಯತ್ಯಾಸ ನಮ್ಮ ಊರಿನವರಿಗೆ ಗೊತ್ತೇ ಇದೆ. ಲಿಸ್ಟರ್ ಮಾಡಿದ್ದೂ ಒಣಗಿಸುವ ಕೆಲಸವನ್ನೇ. ಕೂದಲು ಬೋಳಿಸಿದ ನೆತ್ತಿಯ ಚರ್ಮದ ತುಂಡನ್ನು ಎರಡು ತೆಳು ಮರದ ಪಟ್ಟಿಗಳ ನಡುವೆ ಇಟ್ಟು ದಾರದಿಂದ ಕಟ್ಟಿದರು. ಒಂದು ದಿನ ಒಣಗಲು ಬಿಟ್ಟರು. ಚರ್ಮ ಮರಕ್ಕೆ ಅಂಟಿ ಗಟ್ಟಿಯಾಯಿತು. ಆಮೇಲೆ ಮರದ ಸಮೇತ ಕ್ಷೌರದ ಕತ್ತಿಯಿಂದ ತೆಳುವಾಗಿ ಹೆರೆದು, ಆ ಎಳೆಯನ್ನು ನೀರಿನಲ್ಲಿ ನೆನೆಸಿ, ಅಸಿಟಿಕ್ ಆಮ್ಲ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಅಸಿಟಿಕ್ ಆಮ್ಲ ಎಂದರೆ ವಿನೆಗರ್‌ನಲ್ಲಿರುವ ಹುಳಿ.

ಕೋಲಿಕರ್ ಹೇಳಿದ್ದು ನಿಜವಾಗಿತ್ತು. ಮನುಷ್ಯರ ರೋಮ ಎಬ್ಬಿಸುವುದು ನಯಸ್ನಾಯುವೇ. 1853ರ ಜೂನ್‌ನಲ್ಲಿ ಲಿಸ್ಟರ್ ಅವರ ಲೇಖನ ಲಂಡನ್ನಿನ ಸೂಕ್ಷ್ಮದರ್ಶಕ ವಿಜ್ಞಾನದ ತ್ರೈಮಾಸಿಕದಲ್ಲಿ ಪ್ರಕಟವಾಯಿತು. 1872ರಲ್ಲಿ ಚಾರ್ಲ್ಸ್ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಪುಸ್ತಕ ಬರೆದಾಗ, ಭಯ ಮತ್ತು ಸಿಟ್ಟಿನಲ್ಲಿ ರೋಮ ನಿಮಿರುವುದನ್ನು ವಿವರಿಸುತ್ತ ಈ ಲೇಖನವನ್ನೂ ಹೆಸರಿಸಿದರು.

ಹಾಗಾದರೆ ಸ್ನಾಯು ಯಾವುದಕ್ಕೆ ಅಂಟಿದೆ?

ಲಿಸ್ಟರ್ ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ ಓದುಗರ ಪ್ರಶ್ನೆಗೆ ಉತ್ತರ ನೋಡೋಣ.

ನೆಲದಲ್ಲಿ ಓರೆಯಾಗಿ ಹೂತ ಕಂಬವೊಂದನ್ನು ಕಲ್ಪಿಸಿಕೊಳ್ಳಿ. ಕಂಬ ಎಡಕ್ಕೆ ವಾಲಿದೆ. ಮಣ್ಣಿನೊಳಗಿರುವ ಅದರ ಭಾಗಕ್ಕೆ ಒಂದು ಹಗ್ಗ ಕಟ್ಟಿದ್ದೇವೆ. ಹಗ್ಗದ ಇನ್ನೊಂದು ತುದಿಯನ್ನು ಎಡಬದಿಯಲ್ಲೇ, ನೆಲದ ಮೇಲ್ಮೈ ಹತ್ತಿರ ಊರಿದ್ದೇವೆ. ಹಗ್ಗ ಬಿಗಿಯಾದರೆ ಕಂಬದ ಬುಡ ಎಡಕ್ಕೆ ಸರಿಯುತ್ತದೆ, ತಲೆ ಬಲಕ್ಕೆ ಬಂದು ಕಂಬ ನೆಟ್ಟಗಾಗುತ್ತದೆ.

ಇಲ್ಲಿ ಕಂಬ ಎಂದರೆ ಕೂದಲು, ಹಗ್ಗ ಎಂದರೆ ಸ್ನಾಯು. ವೈದ್ಯರ ಭಾಷೆಯಲ್ಲಿ ಅದರ ಹೆಸರು ಅರೆಕ್ಟರ್ ಪೈಲೈ. ಕೂದಲು ವಾಲಿದ ಬದಿಯಲ್ಲೇ ಈ ಸ್ನಾಯು ಇರುತ್ತದೆ.

ಕೆಳತುದಿ: ಕೂದಲು ಕುಳಿತಿರುವ ಚೀಲಕ್ಕೆ ರೋಮಕೂಪ ಎನ್ನುತ್ತೇವೆ. ಅದರ ಪಕ್ಕದಲ್ಲಿ, ಎಣ್ಣೆ ಗ್ರಂಥಿಯ ಕೆಳಗೆ, ಒಂದು ಸಣ್ಣ ಉಬ್ಬು ಇದೆ. ಸ್ನಾಯು ಅಂಟುವುದು ಅಲ್ಲಿ. ಹೊಸ ಕೂದಲು ಹುಟ್ಟಿಸುವ ಕಾಂಡಕೋಶಗಳ ಮನೆಯೂ ಅದೇ ಉಬ್ಬು.

ಮೇಲಿನ ತುದಿ: ಇದು ಹೊರಚರ್ಮದ ಸ್ವಲ್ಪ ಕೆಳಗೆ, ಒಳಚರ್ಮದ ಮೇಲ್ಪದರದಲ್ಲಿ ಕೊನೆಗೊಳ್ಳುತ್ತದೆ. ಒಂದೇ ಗಂಟಿನಂತೆ ಅಲ್ಲ, ಹಗ್ಗದ ತುದಿ ಬಿಚ್ಚಿಕೊಂಡಂತೆ ಹಲವು ಎಳೆಗಳಾಗಿ ಹರಡುತ್ತದೆ.

ಎರಡೂ ತುದಿಗಳಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ನಾರುಗಳಿವೆ. ದೊಡ್ಡ ಸ್ನಾಯು ಎಲುಬಿಗೆ ಅಂಟುವ ಜಾಗದಲ್ಲಿ ಸ್ನಾಯುರಜ್ಜು ಮಾಡುವ ಕೆಲಸವನ್ನೇ ಈ ನಾರುಗಳು ಇಲ್ಲಿ ಮಾಡುತ್ತವೆ. ಅಂದರೆ ಚರ್ಮ ತನ್ನನ್ನು ತಾನೇ ಹಿಡಿದು ಎಳೆದುಕೊಳ್ಳುತ್ತದೆ. ಸ್ನಾಯು ಕುಗ್ಗಿದಾಗ ರೋಮಕೂಪದ ಬಾಯಿ ಮೇಲೆದ್ದು ಗುಳ್ಳೆಯಂತೆ ಕಾಣುತ್ತದೆ, ಸ್ನಾಯುವಿನ ಮೇಲಿನ ತುದಿ ಇರುವ ಜಾಗ ಸ್ವಲ್ಪ ಒಳಗೆ ಕುಳಿ ಬೀಳುತ್ತದೆ. ಮೈಯೆಲ್ಲ ತರಿತರಿಯಾಗಿ ಕಾಣುವುದು ಹೀಗೆ.

ಸ್ನಾಯುವಿಗೆ ಸರಿಯಾದ ಜಾಗ ಹೇಗೆ ಗೊತ್ತಾಗುತ್ತದೆ? 2011ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಆ ಉಬ್ಬಿನ ಕಾಂಡಕೋಶಗಳೇ ನೆಫ್ರೊನೆಕ್ಟಿನ್ ಎಂಬ ಪ್ರೋಟೀನನ್ನು ತಮ್ಮ ಸುತ್ತ ಬಳಿಯುತ್ತವೆ. ಸ್ನಾಯುವಿನ ಮೇಲಿರುವ ಇಂಟಿಗ್ರಿನ್ ಎಂಬ ಕೊಕ್ಕೆಗಳು ಅದನ್ನು ಹಿಡಿಯುತ್ತವೆ. ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಸ್ನಾಯು ಅಂಟುವ ಜಾಗವೇ ತಪ್ಪಿತ್ತು.

ಈ ಅಂಟಿಗೂ ಬೊಕ್ಕತಲೆಗೂ ಸಂಬಂಧವಿದೆ. ಗಂಡಸರಲ್ಲಿ ವಂಶವಾಹಿಯಿಂದ ಬರುವ ಬೊಕ್ಕತಲೆಯಲ್ಲಿ, ಸಣ್ಣಗಾದ ರೋಮಕೂಪಗಳಿಂದ ಈ ಸ್ನಾಯು ಕಳಚಿಕೊಂಡು ಆ ಜಾಗದಲ್ಲಿ ಕೊಬ್ಬು ತುಂಬಿರುವುದನ್ನು ಸಂಶೋಧಕರು ಕಂಡಿದ್ದಾರೆ. ನಾಣ್ಯದಗಲದಲ್ಲಿ ದುಂಡಗೆ ಕೂದಲು ಉದುರುವ ತೊಂದರೆಯಲ್ಲಿ ಸ್ನಾಯು ಅಂಟಿಕೊಂಡೇ ಇರುತ್ತದೆ. ಅಲ್ಲಿ ಕೂದಲು ಮರಳಿ ಬರುವುದು ಹೆಚ್ಚು. ಇಷ್ಟು ತಿಳಿದ ಮೇಲೆ, ಎಣ್ಣೆ ಹಚ್ಚಿದರೆ ಹತ್ತು ದಿನದಲ್ಲಿ ಬೊಕ್ಕತಲೆ ತುಂಬುತ್ತದೆ ಎಂಬ ಜಾಹೀರಾತು ಬಂದಾಗ ಒಂದು ಕ್ಷಣ ಯೋಚಿಸಿ.

ಕಪ್ಪೆಯ ಕಾಲಿನಿಂದ ಗಾಯದ ಕಡೆಗೆ

ಈಗ ಮತ್ತೆ ಲಿಸ್ಟರ್ ಕಡೆಗೆ ಬರೋಣ. 1853ರಲ್ಲೇ ಅವರು ಗುರುಗಳ ಸಲಹೆಯಂತೆ ಎಡಿನ್‌ಬರಾಗೆ ಹೋಗಿ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. 1856ರಲ್ಲಿ ಸೈಮ್ ಅವರ ಮಗಳು ಆ್ಯಗ್ನೆಸ್ ಅವರನ್ನು ಮದುವೆಯಾದರು. ಹನಿಮೂನಿನಲ್ಲೂ ಇಬ್ಬರೂ ಯುರೋಪಿನ ಆಸ್ಪತ್ರೆಗಳನ್ನು ನೋಡುತ್ತ ಸುತ್ತಿದರು. ಮುಂದೆ ಮನೆಯ ಪ್ರಯೋಗಾಲಯದಲ್ಲಿ ಗಂಡನಿಗೆ ನೆರವಾಗಿ, ಟಿಪ್ಪಣಿಗಳನ್ನು ಪುಟಗಟ್ಟಲೆ ಕೈಯಾರೆ ಬರೆದವರು ಆ್ಯಗ್ನೆಸ್. ಅವರಿಗೆ ಮಕ್ಕಳಿರಲಿಲ್ಲ.

ಎಡಿನ್‌ಬರಾದಲ್ಲಿ ಲಿಸ್ಟರ್ ಕಪ್ಪೆಯ ಕಾಲಿನ ಜಾಲಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಗಾಯದ ಸುತ್ತ ಊತ ಹೇಗೆ ಶುರುವಾಗುತ್ತದೆ ಎಂದು ಹುಡುಕಿದರು. ಕಾರಣ, ಆಗಿನ ಆಸ್ಪತ್ರೆಯ ಸ್ಥಿತಿ ಅಷ್ಟು ಭೀಕರವಾಗಿತ್ತು. 1846ರಿಂದ ಅರಿವಳಿಕೆ ಬಂದಿತ್ತು, ಆಪರೇಷನ್ ನೋವಿಲ್ಲದೆ ಮುಗಿಯುತ್ತಿತ್ತು. ಆದರೆ ಕೆಲವೇ ದಿನಗಳಲ್ಲಿ ಗಾಯ ಕೊಳೆತು ರೋಗಿ ಸಾಯುತ್ತಿದ್ದ. ರಕ್ತ ಮೆತ್ತಿದ ಹಳೆಯ ಕೋಟು ಶಸ್ತ್ರವೈದ್ಯರಿಗೆ ಹೆಮ್ಮೆಯ ಗುರುತಾಗಿತ್ತು. ಕೊಳೆಯಲು ಕಾರಣ ಕೆಟ್ಟ ಗಾಳಿ ಎಂದು ಎಲ್ಲರೂ ನಂಬಿದ್ದರು. ಅದು ಆ ಕಾಲದ ಫಾರ್ವರ್ಡ್ ಎನ್ನಬಹುದು. ಎಲ್ಲರೂ ಹೇಳುತ್ತಿದ್ದರು, ಪರೀಕ್ಷಿಸಿದವರು ಕಡಿಮೆ.

1860ರಲ್ಲಿ ಲಿಸ್ಟರ್ ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆದರು. 1865ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಬರಹ ಅವರ ಕೈಗೆ ಬಂತು. ಹುಳಿಯುವುದು, ಕೊಳೆಯುವುದು ಎಲ್ಲ ಸೂಕ್ಷ್ಮಜೀವಿಗಳ ಕೆಲಸ ಎಂದು ಪಾಶ್ಚರ್ ತೋರಿಸಿದ್ದರು. ಗಾಯ ಕೊಳೆಯುವುದೂ ಹಾಗೆಯೇ ಇರಬಾರದೇಕೆ ಎಂದು ಲಿಸ್ಟರ್ ಯೋಚಿಸಿದರು. ಕಣ್ಣಿಗೆ ಕಾಣದ್ದು ಇರಲಾರದು ಎನ್ನುವವರ ನಡುವೆ, ರೋಮದ ಬುಡದ ಸ್ನಾಯುವನ್ನು ಹೆರೆದು ನೋಡಿದ್ದ ಮನುಷ್ಯನಿಗೆ ಅದು ನಂಬಲಾಗದ ಮಾತಾಗಿರಲಿಲ್ಲ.

ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿ ನೀರಿನ ದುರ್ನಾತ ತಡೆಯಲು ಕಾರ್ಬಾಲಿಕ್ ಆಮ್ಲ ಬಳಸುತ್ತಾರೆ ಎಂಬ ಸುದ್ದಿ ಅವರಿಗೆ ಸಿಕ್ಕಿತ್ತು. ಅದನ್ನೇ ಗಾಯಕ್ಕೆ ಹಾಕಿ ನೋಡಿದರು. ಮೊದಲ ಪ್ರಯತ್ನ ಸೋತಿತು. 1865ರ ಆಗಸ್ಟ್ 12ರಂದು ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಹುಡುಗನೊಬ್ಬ ಬಂದ. ಎಲುಬು ಚರ್ಮ ಸೀಳಿ ಗಾಯವಾಗಿತ್ತು. ಅಂಥ ಗಾಯವಾದರೆ ಕಾಲು ಕತ್ತರಿಸುವುದು ಆಗ ಮಾಮೂಲು. ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯಿಂದ ಗಾಯ ಕಟ್ಟಿದರು. ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಕೀವಿಲ್ಲ, ನಾತವಿಲ್ಲ. ಸುಮಾರು ಆರು ವಾರದಲ್ಲಿ ಎಲುಬು ಕೂಡಿತು. ಹುಡುಗನ ಕಾಲು ಉಳಿಯಿತು.

ಅವರು ಲೆಕ್ಕವನ್ನೂ ಇಟ್ಟಿದ್ದರು. ಈ ವಿಧಾನ ಬರುವ ಮೊದಲು ಕೈಕಾಲು ಕತ್ತರಿಸಿಕೊಂಡ 35 ರೋಗಿಗಳಲ್ಲಿ 16 ಮಂದಿ ಸತ್ತಿದ್ದರು. ಬಂದ ಮೇಲೆ 40 ಮಂದಿಯಲ್ಲಿ ಸತ್ತವರು 6.

ತಪ್ಪೊಪ್ಪಿಕೊಂಡ ಧೈರ್ಯ

ಇಷ್ಟಾದರೂ ಅನೇಕರು ನಗಾಡಿದರು. ಲಂಡನ್ನಿನ ಹಿರಿಯ ವೈದ್ಯರು ಬೇಗ ಒಪ್ಪಲಿಲ್ಲ. ಲಿಸ್ಟರ್ ಹೇಳಿದ್ದೆಲ್ಲವೂ ಸರಿಯಾಗಿತ್ತು ಎಂದೂ ಅಲ್ಲ. ಗಾಳಿಯಲ್ಲಿರುವ ರೋಗಾಣುಗಳನ್ನು ಕೊಲ್ಲಲೆಂದು 1871ರಿಂದ ಆಪರೇಷನ್ ಕೋಣೆಯಲ್ಲಿ ಕಾರ್ಬಾಲಿಕ್ ಹನಿಗಳನ್ನು ಸಿಂಪಡಿಸುವ ಯಂತ್ರ ಬಳಸಿದರು. ವೈದ್ಯರ ಕೈ ಸುಡುತ್ತಿತ್ತು, ಉಸಿರಾಡಲು ಕಷ್ಟವಾಗುತ್ತಿತ್ತು. ಗಾಳಿಗಿಂತ ಕೈ, ಉಪಕರಣ ಮತ್ತು ಬಟ್ಟೆಯಿಂದ ಬರುವ ಸೋಂಕೇ ಮುಖ್ಯ ಎಂದು ಗೊತ್ತಾದ ಮೇಲೆ ಅದನ್ನು ಬಿಟ್ಟರು. 1890ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ಸಭೆಯಲ್ಲಿ, ಅಂಥ ಯಂತ್ರವನ್ನು ಶಿಫಾರಸು ಮಾಡಿದ್ದಕ್ಕೆ ನಾಚಿಕೆಯಾಗುತ್ತಿದೆ ಎಂಬರ್ಥದ ಮಾತನ್ನು ಎಲ್ಲರೆದುರು ಆಡಿದರು.

ಇದೇ ಲಿಸ್ಟರ್ ಬದುಕಿನಲ್ಲಿ ನಮಗೆ ಬಹಳ ಹಿಡಿಸಿದ ಭಾಗ. ಪುರಾವೆ ಬಂದಾಗ ಹಳೆಯದನ್ನು ಬಿಡುವುದು, ಬಿಟ್ಟದ್ದನ್ನು ಬಾಯಿಬಿಟ್ಟು ಹೇಳುವುದು.

ನ್ಯಾಯವಾಗಿ ಇನ್ನೊಂದು ಮಾತು. ಕೈ ತೊಳೆಯಬೇಕು ಎಂದು ಮೊದಲು ಹೇಳಿದವರು ಲಿಸ್ಟರ್ ಅಲ್ಲ. 1847ರಲ್ಲೇ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಇದನ್ನು ಮಾಡಿ ತೋರಿಸಿದ್ದರು. ಅವರ ಮಾತನ್ನು ಆಗ ಹೆಚ್ಚಿನವರು ಕೇಳಲಿಲ್ಲ.

ಹಾಲು ಹುಳಿಯಾಗುವುದೇಕೆ?

1877ರಲ್ಲಿ ಲಿಸ್ಟರ್ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಆ ಹೊತ್ತಿನಲ್ಲಿ ಅವರು ಕೈಗೆತ್ತಿಕೊಂಡದ್ದು ಹಾಲು. ಹುಳಿಯಾದ ಹಾಲನ್ನು ಮತ್ತೆ ಮತ್ತೆ ತೆಳುಮಾಡಿ, ಒಂದು ಹನಿಯಲ್ಲಿ ಒಂದೇ ಸೂಕ್ಷ್ಮಜೀವಿ ಉಳಿಯುವಷ್ಟು ಮಾಡಿ, ಅದನ್ನು ಶುದ್ಧ ಹಾಲಿಗೆ ಹಾಕಿದರು. ಆ ಹಾಲೂ ಹುಳಿಯಾಯಿತು. ಹೀಗೆ ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಆ ಜೀವಿಯನ್ನು ಇಂದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕಿದಾಗ ಕೆಲಸ ಮಾಡುವುದು ಇದೂ ಇದರ ಬಳಗವೂ. ಸೂಕ್ಷ್ಮಜೀವಿ ಎಂದರೆಲ್ಲ ಶತ್ರುವಲ್ಲ.

ಲಿಸ್ಟರಿನ್ ಕಂಡುಹಿಡಿದದ್ದು ಇವರೇನಾ?

ಅಲ್ಲ. ಬಾಯಿ ಮುಕ್ಕಳಿಸುವ ಆ ದ್ರವವನ್ನು 1879ರಲ್ಲಿ ತಯಾರಿಸಿದವರು ಅಮೆರಿಕದ ಜೋಸೆಫ್ ಲಾರೆನ್ಸ್. ಲಿಸ್ಟರ್ ಅವರ ಗೌರವಕ್ಕೆ ಆ ಹೆಸರು ಇಟ್ಟರು. ಮೊದಲು ಅದು ಮಾರಾಟವಾದದ್ದು ಶಸ್ತ್ರಚಿಕಿತ್ಸೆಯ ಸೋಂಕುನಿವಾರಕವಾಗಿ. ಕೆಟ್ಟ ಆಹಾರದಿಂದ ಹರಡುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೂ ಅವರದೇ ಹೆಸರಿದೆ.

ಕೊನೆಯ ದಿನಗಳು

1893ರಲ್ಲಿ ಇಟಲಿಯ ಪ್ರವಾಸದಲ್ಲಿದ್ದಾಗ ಆ್ಯಗ್ನೆಸ್ ನ್ಯುಮೋನಿಯಾದಿಂದ ತೀರಿಕೊಂಡರು. ಲಿಸ್ಟರ್ ಮತ್ತೆ ಹಳೆಯ ಉತ್ಸಾಹಕ್ಕೆ ಬರಲಿಲ್ಲ. ಗೌರವಗಳು ಬರುತ್ತಲೇ ಇದ್ದವು. 1895ರಿಂದ 1900ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು, 1897ರಲ್ಲಿ ಲಾರ್ಡ್ ಪದವಿ ಸಿಕ್ಕಿತು. 1912ರ ಫೆಬ್ರವರಿ 10ರಂದು, 84ನೇ ವಯಸ್ಸಿನಲ್ಲಿ, ವಾಮರ್ ಎಂಬ ಕಡಲತೀರದ ಊರಿನಲ್ಲಿ ಕೊನೆಯುಸಿರೆಳೆದರು. ದೊಡ್ಡವರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪ್ರಾರ್ಥನೆ ನಡೆಯಿತು. ಆದರೆ ಅವರ ಸಮಾಧಿ ಅಲ್ಲಿಲ್ಲ, ಹ್ಯಾಂಪ್‌ಸ್ಟೆಡ್‌ನಲ್ಲಿ ಹೆಂಡತಿಯ ಪಕ್ಕದಲ್ಲಿದೆ.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೆನಪಿರಲಿ

ರೋಮ ನಿಮಿರಿದರೆ ನರದೌರ್ಬಲ್ಯವೇ? ಇಲ್ಲ. ಚಳಿ, ಭಯ, ಭಕ್ತಿ, ಸಂಗೀತ ಯಾವುದೇ ಇರಲಿ, ನಮ್ಮ ಹತೋಟಿಯಲ್ಲಿಲ್ಲದ ನರಗಳು ಈ ಸ್ನಾಯುವಿಗೆ ಸೂಚನೆ ಕೊಡುತ್ತವೆ. ಆಟದ ರಾತ್ರಿ ಚೆಂಡೆಯೂ ಕಾರಣವಾಗಬಹುದು, ಇಬ್ಬನಿಯೂ ಕಾರಣವಾಗಬಹುದು. ನಡುಕದ ಜೊತೆ ಜ್ವರವಿದ್ದರೆ ಮಾತ್ರ ವೈದ್ಯರನ್ನು ಕಾಣಿ. ಅಲ್ಲಿ ಚಿಂತೆ ಜ್ವರದ್ದು, ರೋಮದ್ದಲ್ಲ.

ತಣ್ಣೀರು ಸ್ನಾನದಿಂದ ಕೂದಲು ಬೆಳೆಯುತ್ತದೆಯೇ? ಬಹುಕಾಲ ಚಳಿ ತಗುಲಿದಾಗ ರೋಮಕೂಪದ ನರಗಳು ಕಾಂಡಕೋಶಗಳನ್ನು ಎಬ್ಬಿಸುತ್ತವೆ ಎಂದು 2020ರ ಅಧ್ಯಯನವೊಂದು ತೋರಿಸಿದ್ದು ನಿಜ. ಅದು ಇಲಿಗಳಲ್ಲಿ. ಅದನ್ನು ಮನುಷ್ಯರ ಬೊಕ್ಕತಲೆಗೆ ಮದ್ದು ಎಂದು ಹಂಚುವುದು ತಪ್ಪು.

ಗಾಯಕ್ಕೆ ಬೂದಿ, ಸಗಣಿ, ಕಾಫಿಪುಡಿ ಹಾಕಬಹುದೇ? ಬೇಡ. ತೋಟದಲ್ಲಿ ಕತ್ತಿ ತಾಗಿದರೆ ಮೊದಲು ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ. ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ, ಮಣ್ಣು ಸೇರಿದ್ದರೆ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ಲಿಸ್ಟರ್ ಬಳಸಿದ ಕಾರ್ಬಾಲಿಕ್ ಆಮ್ಲವನ್ನೂ ಮನೆಯಲ್ಲಿ ಗಾಯಕ್ಕೆ ಹಾಕಬೇಡಿ, ಅದು ಚರ್ಮವನ್ನು ಸುಡುತ್ತದೆ. ಈಗ ಅದಕ್ಕಿಂತ ಒಳ್ಳೆಯವು ಇವೆ.

ಮುಂದಿನ ಸಲ ಬಯಲಾಟದಲ್ಲಿ ಮೈ ಝುಮ್ಮೆಂದಾಗ ತೋಳಿನ ಮೇಲೆ ಕೈಯಾಡಿಸಿ ನೋಡಿ. ಅಲ್ಲಿ ಎದ್ದಿರುವ ಒಂದೊಂದು ಗುಳ್ಳೆಯ ಕೆಳಗೂ ಲಿಸ್ಟರ್ ಮರದ ಪಟ್ಟಿಯ ನಡುವೆ ಒಣಗಿಸಿ ನೋಡಿದ ಆ ಪುಟ್ಟ ಸ್ನಾಯು ಚರ್ಮವನ್ನು ಹಿಡಿದು ಎಳೆಯುತ್ತಿರುತ್ತದೆ. ನರದೌರ್ಬಲ್ಯದ ಆ ಫಾರ್ವರ್ಡ್ ಮತ್ತೆ ಬಂದರೆ, ಕಳುಹಿಸಿದವರಿಗೆ ಇದನ್ನು ಕಳುಹಿಸಿ.